ಕಾರ್ಡ್ ಸುಟ್ಟವನು ನಾನು

ಆ ಗ್ರಾಫಿಕ್ಸ್ ಕಾರ್ಡ್ ಸುಟ್ಟವನು ನಾನು. ಶೋಭಾ ಅಲ್ಲ. ಇಷ್ಟು ಹೇಳಲು ನನಗೆ ಒಂಬತ್ತು ವರ್ಷ ಬೇಕಾಯಿತು — ಹೇಳುವ ಹೊತ್ತಿಗೆ ಅದರಿಂದ ಯಾರಿಗೂ ಏನೂ ಆಗುವಂತಿರಲಿಲ್ಲ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಮೊದಲು ರೇಡಿಯೊ, ಆಮೇಲೆ ಟಿವಿ, ಆಮೇಲೆ ಕಂಪ್ಯೂಟರ್ — ಯಾರೂ ಕೂರಿಸಿಕೊಂಡು ಕಲಿಸಲಿಲ್ಲ, ಬಿಚ್ಚಿ ಬಿಚ್ಚಿ ಕಲಿತೆ. ನಿಪ್ಪಾಣಿಯಲ್ಲಿ ನನ್ನದೇ ಅಂಗಡಿ ಹಾಕಿದ ಮೇಲೆ ಚಿಕ್ಕೋಡಿ, ರಾಯಬಾಗದಿಂದಲೂ ಮಷಿನ್ ಹೊತ್ತು ತರುತ್ತಿದ್ದರು. ದೊಡ್ಡ ಸಾಲಿ ಕಲಿತವರು ಕೈಬಿಟ್ಟದ್ದು ನನ್ನ ಕೈಯಲ್ಲಿ ಚಾಲೂ ಆದಾಗ ಎದೆ ಉಬ್ಬುತ್ತಿತ್ತು. ಆ ಎದೆಯೇ ಇಷ್ಟಕ್ಕೆಲ್ಲ ಮೂಲ.

ವಸಂತ ಕಾಕಾನ ಫೋಟೊ ಸ್ಟುಡಿಯೋ ಒಂದು ತಂಬಾಕಿನ ಗೋದಾಮಿನ ಮಾಳಿಗೆಯ ಮೇಲಿತ್ತು. ಅಲ್ಲಿ ಲಗ್ನದ ವಿಡಿಯೊ ಮಿಕ್ಸಿಂಗ್ ಮಾಡುವವಳು ಶೋಭಾ. ಅವಳ ತಾಯಿ, ಇಬ್ಬರು ಅಕ್ಕಂದಿರು ಬೀಡಿ ಕಟ್ಟುವವರು. ಆ ಮನೆಯಲ್ಲಿ ಬೀಡಿಯ ಮೊರ ಬಿಟ್ಟು ಹೊರಬಿದ್ದವಳು ಇವಳೊಬ್ಬಳೇ. "ನನ್ನ ಬೆರಳ ನೋಡ್ರಿ ಅಣ್ಣಾ, ತಂಬಾಕದ ವಾಸನಿ ಇಲ್ಲ" ಎಂದು ಒಮ್ಮೆ ನಗುತ್ತ ಕೈ ಚಾಚಿ ತೋರಿಸಿದ್ದಳು.

ಎರಡು ಸಾವಿರದ ಒಂಬತ್ತರ ಲಗ್ನದ ಸೀಜನ್. ಕಾಕಾನಿಗೆ ಹೊಸ ಎಫೆಕ್ಟ್ ಬೇಕಾಗಿತ್ತು — ಗುಲಾಬಿ ಅರಳಿ, ಅದರೊಳಗಿಂದ ಮದುಮಗಳು ಹೊರಬರುವಂಥದ್ದು. ಮಷಿನಿನಲ್ಲಿ ಪರದೆಗೆ ಚಿತ್ರ ಮೂಡಿಸಲು ಇದ್ದದ್ದು ತೀರ ಅಗ್ಗದ ಗ್ರಾಫಿಕ್ಸ್ ಕಾರ್ಡ್. ಗುಲಾಬಿ ತಡೆತಡೆದು ಅರಳುತ್ತಿತ್ತು.

"ಡಿವಿಡಿದಾಗ ಸರಿ ಬರತೈತ್ರಿ ಅಣ್ಣಾ. ಇಲ್ಲಿ ನೋಡೂ ಮುಂದ ಅಷ್ಟ ತಡೀತೈತಿ" ಎಂದಳು ಶೋಭಾ.

ಅವಳು ಹೇಳಿದ್ದು ನಿಜ; ಆ ತಡೆ ಪರದೆಯ ಮೇಲಷ್ಟೇ, ಡಿವಿಡಿಗೆ ಇಳಿಯುತ್ತಿರಲಿಲ್ಲ. ಆದರೆ ಹೇಳಿದವಳು ಅವಳು — ನನಗೆ! "ನೀ ಸುಮ್ನಿರ್ ತಂಗಿ. ಈ ಕಾರ್ಡನ್ನs ದೊಡ್ಡ ಕಾರ್ಡ್ ಮಾಡಿ ತೋರಸ್ತೀನಿ" ಎಂದು ಕುರ್ಚಿ ಎಳೆದುಕೊಂಡೆ.

ಅದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಇಷ್ಟೇ ಓಡು ಎಂದು ಕಂಪನಿಯವರು ಕಾರ್ಡಿಗೆ ಹಾಕಿಕೊಟ್ಟ ವೇಗವನ್ನು ಮೀರಿ ಓಡಿಸುವುದು. ಇಂಗ್ಲಿಷ್ ಓದಲು ಬಾರದಿದ್ದರೂ ನನಗೆ ಅಂಕಿ ಓದಲು ಬರುತ್ತಿತ್ತು. ಆರುನೂರು ಇದ್ದದ್ದನ್ನು ಏಳುನೂರಾ ಇಪ್ಪತ್ತಕ್ಕೆ ಒಯ್ದೆ. ಗುಲಾಬಿ ಸರಕ್ಕನೆ ಅರಳಿತು.

"ಅರೇ ಮಲ್ಲು! ಇಂಜಿನಿಯರ್ ಮಂದಿ ನಿನ್ನ ಕಡೆ ಸಾಲಿ ಕಲೀಬೇಕಲೇ!" ಎಂದು ಕಾಕಾ ಬೆನ್ನು ತಟ್ಟಿದ. ಶೋಭಾ ನನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದಳು.

ವೇಗ ಏರಿದರೆ ಕಾವು ಏರುತ್ತದೆ — ಗೊತ್ತಿತ್ತು. ಗೋದಾಮಿನಿಂದ ಏಳುವ ತಂಬಾಕಿನ ಧೂಳು ಫ್ಯಾನಿಗೆ ಜಿಗುಟಾಗಿ ಮೆತ್ತಿಕೊಳ್ಳುತ್ತದೆ — ಅದೂ ಗೊತ್ತಿತ್ತು. ನಿಪ್ಪಾಣಿಯ ಮಷಿನ್‌ಗಳ ಹೊಟ್ಟೆ ನನ್ನಷ್ಟು ಕಂಡವರು ಯಾರು? ಆದರೂ ವೇಗ ಇಳಿಸಲಿಲ್ಲ.

ಹೊರಡುವಾಗ ಶೋಭಾ, "ಧೂಳ ಭಾಳ ಬರತೈತಿ, ಏನ್ ಮಾಡ್ಲಿರಿ?" ಎಂದು ಕೇಳಿದಳು. "ಬಂದ್ ಮಾಡಿ ಮನೀಗ ಹೋಗೂ ಮುಂದ ಒಂದು ಅರಿವಿ ಹೊಚ್ಚು" ಎಂದೆ. ಅಂದಿನಿಂದ ತನ್ನ ಹಳೆಯ ಓಢಣಿಯೊಂದನ್ನು ದಿನಾ ಸಂಜೆ ಮಷಿನಿಗೆ ಹೊಚ್ಚುವಳು, ಬೆಳಿಗ್ಗೆ ತೆಗೆದು ಮಡಚಿಡುವಳು.

ತಿಂಗಳು ತುಂಬಿರಲಿಲ್ಲ. ಒಂದು ಮಧ್ಯಾಹ್ನ ಕಾಕಾ ಕರೆಸಿದ. ಪರದೆ ತುಂಬ ಬಣ್ಣದ ಗೆರೆ ಎದ್ದು ಕತ್ತಲಾಗಿತ್ತಂತೆ. ಅಥಣಿಯಿಂದ ಡಿವಿಡಿ ಒಯ್ಯಲು ಬಂದ ಬೀಗರು ಎದುರಿಗೇ ಕೂತಿದ್ದರು. ಮಷಿನ್ ಬಿಚ್ಚಿ ಕಾರ್ಡ್ ಮುಟ್ಟಿದೆ — ಬೆರಳು ಚುರ್ ಎಂದಿತು. ಫ್ಯಾನಿನ ರೆಕ್ಕೆಗಳು ಕಂದು ಧೂಳಿನಲ್ಲಿ ಹೂತು ಹೋಗಿದ್ದವು.

"ಏನಾತೋ ಮಲ್ಲು?" ಎಂದ ಕಾಕಾ.

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಕುರ್ಚಿಯ ಮೇಲೆ ಮಡಚಿಟ್ಟ ಓಢಣಿ ಕಣ್ಣಿಗೆ ಬಿತ್ತು. ಬೀಳದೇ ಇದ್ದಿದ್ದರೆ — ಇಲ್ಲ, ಬೇರೆ ಏನನ್ನಾದರೂ ಹುಡುಕುತ್ತಿದ್ದೆ.

"ಅರಿವಿ ಹೊಚ್ಚಿ ಮಷಿನ್ ನಡಸ್ಯಾಳ್ರಿ ಕಾಕಾ. ಉಸರ ಕಟ್ಟಿ ಸುಟ್ಟೈತಿ."

"ಬಂದ್ ಮಾಡಿದ ಮ್ಯಾಲ ಅಷ್ಟs ಹೊಚ್ಚೀನ್ರಿ" ಎಂದಳು ಶೋಭಾ. ಕಾಕಾನಿಗಲ್ಲ, ನನಗೆ.

"ಆಂವ ಯಾಕ ಸುಳ್ಳ ಹೇಳ್ಯಾನು?" ಎಂದು ಕಾಕಾ ಗದರಿದ. ನಾನು ಸ್ಕ್ರೂ ಎಣಿಸುತ್ತ ನಿಂತೆ. ಅವಳು ಓಢಣಿ ಎತ್ತಿಕೊಂಡು ಮೆಟ್ಟಿಲಿಳಿದಳು. ಮತ್ತೆ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ! ಸುತ್ತಲಿನ ಸ್ಟುಡಿಯೋಗಳ ಮಷಿನ್ ನೋಡುವವನೂ ನಾನೇ. ಚಿಕ್ಕೋಡಿಯವನೊಬ್ಬ, "ಶೋಭಾ ಅನ್ನೂ ಹುಡಿಗಿ ಕೆಲಸ ಕೇಳಾಕ ಬಂದಿದ್ಲು. ಮಷಿನ್ ಸುಡ್ತಾಳಂತ, ಖರೇ ಏನೋ?" ಎಂದು ಕೇಳಿದ. ಒಂದೇ ಮಾತು ಸಾಕಿತ್ತು. ನಾನು ಕ್ಯಾಬಿನೆಟ್ಟಿನೊಳಗೆ ತಲೆ ಹಾಕಿ ಕೇಳಿಸದವನಂತೆ ಇದ್ದೆ. ಸುಳ್ಳಿಗಿಂತ ಆ ಸುಮ್ಮನಿದ್ದದ್ದು ದೊಡ್ಡದು ಎಂದು ಈಗ ಅನಿಸುತ್ತದೆ.

ವರ್ಷಗಳು ಹೋದವು. ಕಾಕಾ ತೀರಿಕೊಂಡ, ಸ್ಟುಡಿಯೋ ಮುಚ್ಚಿತು. ಹೋದ ವರ್ಷ ಬೀಡಿ ಒಪ್ಪಿಸುವ ಹೆಂಗಸರ ಸಾಲಿನಲ್ಲಿ ಶೋಭಾಳನ್ನು ಕಂಡೆ. ತಪಾಸಣೆಯವನು ಅವಳ ಕಟ್ಟಿನಿಂದ ಬೀಡಿ ಹಿರಿದು, ಸರಿ ಇಲ್ಲವೆಂದು ಪಕ್ಕಕ್ಕೆ ಚೆಲ್ಲುತ್ತಿದ್ದ. ಅವಳು ಖಾಲಿ ಬುಟ್ಟಿ ಎತ್ತಿಕೊಂಡು ಹೊರಟಳು. ಅಂದು ಸ್ಟುಡಿಯೋದಿಂದ ಓಢಣಿ ಎತ್ತಿಕೊಂಡು ಹೊರಟಿದ್ದಳಲ್ಲ — ಹಾಗೆಯೇ.

ಮರುವಾರ ಅವಳ ಮನೆಗೆ ಹೋದೆ. ಹೊಸ್ತಿಲ ಹೊರಗೆ ನಿಂತೇ ಎಲ್ಲ ಹೇಳಿದೆ. ಅವಳ ಕೈ ಎಲೆ ಸುತ್ತುವುದನ್ನು ನಿಲ್ಲಿಸಲಿಲ್ಲ.

"ಏಳುನೂರಾ ಇಪ್ಪತ್ತು" ಎಂದಳು. "ಅವತ್ತs ನೋಡಿದ್ನಿರಿ. ಹೇಳಿದ್ರ ಯಾರ್ ನಂಬತಿದ್ರು?"

ತಲೆ ಎತ್ತದೆ ಅವಳೇ ಮತ್ತೆ ಕೇಳಿದಳು:

"ಮುಂದ ಹೊಸಾ ಕಾರ್ಡ್ ಹಾಕಿದ್ರಲ್ಲ, ಅದನ್ನ ಎಷ್ಟಕ್ಕ ಇಟ್ರಿ?"

"ಆರುನೂರಕ್ಕ. ಇದ್ದಷ್ಟಕ್ಕs ಬಿಟ್ಟೆ."

"ಡಿವಿಡಿ ಸರಿ ಬಂದ್ವೇನ್ರಿ?"

"ಬಂದ್ವು."

ಅವಳು ಸುತ್ತಿದ ಬೀಡಿಗೆ ದಾರ ಕಟ್ಟಿ ಮೊರದಲ್ಲಿಟ್ಟು, ಇನ್ನೊಂದು ಎಲೆ ತೆಗೆದುಕೊಂಡಳು.