ಕೌದಿಯ ಮೂಲೆ

ಮೊರಬದಲ್ಲಿ ಖಾರಪುಡಿ ತಯಾರಿಸುವವರೊಬ್ಬರಿಗೆ ಪ್ಯಾಕೆಟ್ ಮೇಲೆ ಹಾಕಲು ಚಿತ್ರ ಬೇಕಿತ್ತು. ಅದನ್ನು ಬರೆಯಬೇಕಿದ್ದ ನನಗೆ ಏನೂ ಹೊಳೆಯದೆ ಊರಲ್ಲಿ ಅಡ್ಡಾಡುವಾಗ, ಒಂದು ಮನೆಯ ಕಟ್ಟೆಯ ಮೇಲೆ ಒಣಹಾಕಿದ್ದ ಹಳೇ ಕೌದಿ ಕಂಡಿತು. ಕೆಂಪು, ಹಳದಿ ಬಟ್ಟೆಯ ತ್ರಿಕೋನಗಳ ಸಾಲು. ಒಂದು ಮೂಲೆಯನ್ನು ಮಾತ್ರ ಯಾರೋ ಕತ್ತರಿಸಿ ತೆಗೆದಿದ್ದರು. ಮನೆಯೊಡತಿ ಶಾಂತವ್ವನವರನ್ನು ಕೇಳಿ ಫೋಟೊ ತೆಗೆದುಕೊಂಡೆ.

ಮನೆಗೆ ಬಂದು ಅದನ್ನೇ ನೋಡಿ ಚಿತ್ರ ಬರೆದೆ. ಇಲ್ಲದ ಮೂಲೆಯನ್ನು ಖಾಲಿ ಬಿಡಲು ಮನಸ್ಸಾಗದೆ, ಕೈ ಹೋದಂತೆ ಒಂದು ನೀಲಿ ಗುಬ್ಬಿ ಬರೆದೆ. ಅದಕ್ಕೆ ಒಂದೇ ಕಾಲು ಯಾಕೆ ಹಾಕಿದೆನೋ ಗೊತ್ತಿಲ್ಲ.

ಮುಂದಿನ ವಾರ ಶಾಂತವ್ವನವರಿಗೆ ತೋರಿಸಿದೆ. ಹಾಳೆ ಹಿಡಿದು, ಗುಬ್ಬಿಯ ಮೇಲೆ ಬೆರಳಿಟ್ಟು, "ಇದನ್ನ ಎಲ್ಲಿ ನೋಡಿದ್ರಿ?" ಅಂದರು.

"ಎಲ್ಲೂ ಇಲ್ರಿ ಅವ್ವಾರ. ಸುಮ್ನ ಮನಸ್ಸಿಗೆ ಬಂತು."

"ನನ್ನ ಮಗಳು ಇದ ಮೂಲಿ ಹಿಡಕೊಂಡ ಮಲಗತಿದ್ಲರಿ. ನಾಕ ವರ್ಷದಾಕಿ, ಜ್ವರ ಬಂದು ಹೋದ್ಲು. ಮೂಲಿ ಕತ್ತರಿಸಿ ಆಕಿ ಜೋಡಿನ ಮಣ್ಣಾಗ ಇಟ್ಟೀವಿ. ಅದರಾಗ ನೀಲಿ ಗುಬ್ಬಿ ಹೊಲದಿದ್ದೆ. ದಾರ ಸಾಲದಕ್ಕ ಒಂದ ಕಾಲು ಹಾಕಿದ್ದೆ."

ಅವರು ಅಳಲಿಲ್ಲ. ಬೀಗರ ಊರಿಂದ ಬಂದವರನ್ನು ವಿಚಾರಿಸುವ ಹಾಗೆ, ಮೆಲ್ಲಗೆ ಕೇಳಿದರು.

"ಆರಾಮ ಅದಾಳೇನ್ರಿ?"

"ಅದಾಳ್ರಿ," ಅಂದೆ.

ಚಿತ್ರವನ್ನು ಅವರಿಗೇ ಕೊಟ್ಟು ಬಂದೆ. ಪ್ಯಾಕೆಟ್ಟಿಗೆ ಎರಡು ಮೆಣಸಿನಕಾಯಿ ಬರೆದುಕೊಟ್ಟೆ. ನೀವು ಇನ್ನೂ ಸ್ವಲ್ಪ ಕಲ್ಪನೆ ಓಡಿಸಬೇಕಿತ್ತು ಅಂತ ಖಾರಪುಡಿಯವರು ಬೇಜಾರು ಮಾಡಿಕೊಂಡರು.