ಅಕ್ಕೋರು ಬಾಯಿಂದ ಓದಿಸಿದ ಪಾಠ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಾತುಗಳು ಆಡಿದ ಹಾಗೆಯೇ ನೆನಪಿವೆ ಎಂದುಕೊಂಡಿದ್ದೇನೆ. ಯಾವುದರ ಹಿಂದೆ ಯಾವುದು ಎಂಬುದನ್ನು ಮಾತ್ರ ನಂಬುವಂತಿಲ್ಲ.

ಕಳೆದ ವಾರ ಡೊಂಬಿವಲಿಯ ಮನೆಯ ಅಟ್ಟ ಖಾಲಿ ಮಾಡುವಾಗ ನಾನು ಬಿ.ಎ. ಓದುತ್ತಿದ್ದ ಕಾಲದ ಝೆರಾಕ್ಸ್ ಕಟ್ಟೊಂದು ಸಿಕ್ಕಿತು. ಅಮೆರಿಕದ ಕಥೆಗಳು. ಒಂದು ಪುಟದಲ್ಲಿ ಎಣ್ಣೆಯ ಕಲೆ. ಮೂಗಿಗೆ ಹಿಡಿದರೆ ಗುರೆಳ್ಳು ಚಟ್ನಿಯ ವಾಸನೆ… ಇಷ್ಟು ವರ್ಷ ಉಳಿದಿರಲಾರದು. ಆದರೂ ಬಂತು.

ಪಕ್ಕದ ಠಾಕುರ್ಲಿಯಲ್ಲಿ ಒಬ್ಬರೇ ಇದ್ದ, ವಿಜಯಪುರ ಕಡೆಯ ಟೀಚರೊಬ್ಬರು ನನಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಉಳಿದ ಹುಡುಗಿಯರಿಗೆ ಅವರು ಮಿಸ್. ನಾನು ಕನ್ನಡದವಳೆಂದು ತಿಳಿದ ದಿನ, "ನೀ ಅಕ್ಕೋರು ಅನ್ನವ್ವಾ. ಕೇಳಿ ಭಾಳ ದಿನಾ ಆತು" ಎಂದರು.

ಆ ಕಥೆಗಳ ಜನ ವ್ಯಾಕರಣದ ಹಂಗಿಲ್ಲದೆ ಮಾತನಾಡುತ್ತಿದ್ದರು. ಅರ್ಧ ಅಕ್ಷರಗಳನ್ನು ನುಂಗುತ್ತಿದ್ದರು. ಅಚ್ಚಿನ ತಪ್ಪುಗಳೆಂದು ನಾನು ಪೆನ್ಸಿಲಿನಲ್ಲಿ ತಿದ್ದಿಟ್ಟಿದ್ದೆ. ಅಕ್ಕೋರು ನೋಡಿ ನಕ್ಕರು.

"ಹೋಗಿದ್ದಾನೆ ಅನ್ನೂದು ಪುಸ್ತಕದಾಗ, ಹೋಗ್ಯಾನ ಅನ್ನೂದು ಮನ್ಯಾಗ. ಅವರಿಗೇನು ಮನಿ ಇರೂದಿಲ್ಲೇನು? ಕಣ್ಣಿಂದ ಓದಬ್ಯಾಡ, ಬಾಯಿಂದ ಓದು."

ಗಟ್ಟಿಯಾಗಿ ಓದಿದರೆ ಎಷ್ಟೋ ಸಲ ಅರ್ಥ ತಾನಾಗಿ ಹೊಳೆಯುತ್ತಿತ್ತು. ಎಲ್ಲ ಸಲವೂ ಅಲ್ಲ. ಒಂದು ಕಥೆಯಲ್ಲಿ ಹೊಲದ ಮನೆಯ ಮುದುಕಿ ತನಗೆ 'ಪೂರ್ಲಿ' ಅನ್ನಿಸುತ್ತಿದೆ ಎನ್ನುತ್ತಾಳೆ. ಪೂರ್ ಎಂದರೆ ಬಡವರು ತಾನೇ? ಮುದುಕಿಯ ಬಡತನದ ಬಗ್ಗೆ ಪೂರಾ ಒಂದು ಪುಟ ಬರೆದುಕೊಂಡು ಹೋದೆ.

"ಬಡವಿ ಅಲ್ಲ, ಹುಚ್ಚ ಖೋಡಿ! ಜಡ್ಡು ಬಿದ್ದಾಳ. ಸಾಯಾಕ ಬಂದಾಳ, ಆದ್ರೂ ಸಣ್ಣ ಮಾತಿನ್ಯಾಗ ಹೇಳ್ತಾಳ. ಹಳ್ಳಿ ಮಂದಿ ಹಂಗ."

ಕೊನೆಯ ವರ್ಷದ ಪರೀಕ್ಷೆಗೆ ನಾಲ್ಕು ದಿನವಿದ್ದಾಗ ಅಕ್ಕೋರ ಫೋನ್ ಬಂತು. ಎತ್ತಿಕೊಂಡವಳು ಅಮ್ಮ.

"ಅಕ್ಕೋರದ್ದು. ಆರಾಮಿಲ್ಲ ಅಂತೆ, ನಾಳೆ ಪಾಠ ಇಲ್ಲ" ಎಂದಳು.

ನಮ್ಮದು ಉಡುಪಿ ಕಡೆಯ ಮನೆ. ಮೈಗೆ ಹುಷಾರಿಲ್ಲದಿದ್ದರೆ 'ಸೌಖ್ಯ ಇಲ್ಲ' ಎನ್ನುತ್ತೇವೆ. ಇಲ್ಲೇ ಬೆಳೆದ ನನ್ನ ಕಿವಿಗೆ ಆರಾಮವೆಂದರೆ ಹಿಂದಿ, ಮರಾಠಿಯ ವಿಶ್ರಾಂತಿ.

"ಅವ್ರಿಗೆಲ್ಲಿ ಆರಾಮ್ ಸಿಗ್ತದೆ? ಎಕ್ಸಾಮ್ ಟೈಮಲ್ವಾ, ಬಿಜಿ ಇರ್ತಾರೆ" ಎಂದು ಪುಸ್ತಕಕ್ಕೆ ಮರಳಿದೆ. ಅಮ್ಮ ಏನೂ ಹೇಳಲಿಲ್ಲ… ಹೇಳಲಿಲ್ಲವೆಂದೇ ನನ್ನ ನೆನಪು.

ಕೊನೆಯ ಪೇಪರು ಮುಗಿದ ಮರುದಿನ ಪೇಢೆ ಹಿಡಿದು ಠಾಕುರ್ಲಿಗೆ ಹೋದೆ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಮರಾಠಿ ಅಜ್ಜಿ, "ಬಾಯಿ ಗೇಲ್ಯಾ" ಎಂದರು. ಟೀಚರ್ ಹೋದರು, ಅಷ್ಟೇ. ನಾನು "ಕುಠೇ?" ಎಂದೆ. ಎಲ್ಲಿಗೆ ಎಂದು ಕೇಳಿದೆ! ಅಜ್ಜಿ ನನ್ನ ಕೈಹಿಡಿದು ಒಳಗೆ ಕರೆದೊಯ್ದು ಕೂರಿಸಿದರು. ಎಂಟು ದಿನ ಕಲ್ಯಾಣದ ಆಸ್ಪತ್ರೆಯಲ್ಲಿದ್ದರಂತೆ. ಹುಡುಗಿ ಬಂದಳೇ ಎಂದು ಕೇಳುತ್ತಿದ್ದರಂತೆ. ಯಾವ ಹುಡುಗಿ ಎಂದು ಅಜ್ಜಿಗೆ ಗೊತ್ತಿರಲಿಲ್ಲ.

ಆಮೇಲೆ ನಾನು ಯಾರನ್ನೂ ಅಕ್ಕೋರು ಎಂದು ಕರೆದಿಲ್ಲ. ತಪ್ಪು ನನ್ನ ಕಿವಿಯದೆಂದೇ ಇಷ್ಟು ವರ್ಷ ತಿಳಿದಿದ್ದೆ.

ಮೊನ್ನೆ ಅಮ್ಮ ತನ್ನ ಮದುವೆಯ ಹೊಸದರಲ್ಲಿ ಕೋಪರಿಯ ಸಾಲುಮನೆಗಳ ಚಾಳಿನಲ್ಲಿದ್ದ ದಿನಗಳ ಮಾತು ತೆಗೆದಳು. ಗೋಡೆಯಾಚೆ ಕಲಬುರಗಿಯ ಸಂಸಾರ, ಆರು ವರ್ಷ ಒಂದೇ ನಲ್ಲಿ. ಅವರ ಮಾತೆಲ್ಲ ತನಗೆ ಬರುತ್ತಿತ್ತು ಎಂದು ನಕ್ಕಳು. ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಆಮೇಲೆ ಕೇಳಿದೆ:

"ಅಮ್ಮ, ಆರಾಮಿಲ್ಲ ಅಂದ್ರೆ ಏನಂತ ನಿಂಗೆ ಅವತ್ತೇ ಗೊತ್ತಿತ್ತಾ? ಗೊತ್ತಿದ್ದೂ, ನನ್ನ ಪರೀಕ್ಷೆ ಅಂತ ಸುಮ್ಮನಿದ್ದಿಯಾ?"