ಹದಿನೆಂಟು ಸೆಕೆಂಡಿನೊಳಗೆ

ಸೋಮವಾರಪೇಟೆಯಲ್ಲಿ ಕಾರು ಓಡಿಸುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಸರ್ವಮಂಗಳಳಿಂದ ಬೈಸಿಕೊಂಡವರು. ಇಪ್ಪತ್ತೆರಡು ವರ್ಷಗಳಿಂದ ಆಕೆ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಾಳೆ. ಕಲಿಸುವವರಿಗೆಂದು ಎಡಗಡೆಯ ಸೀಟಿನ ಮುಂದೆಯೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ. ಅವುಗಳ ಮೇಲೆ ಪಾದ ಇಟ್ಟುಕೊಂಡು, ರಸ್ತೆಯಿಂದ ಕಣ್ಣು ಕೀಳದೆ ಮಾತಾಡುತ್ತಾಳೆ. ಹೊರಡುವ ಮುಂಚೆ ಕನ್ನಡಿ ನೋಡಿ. ಏರಿನಲ್ಲಿ ನಿಂತರೆ ಹ್ಯಾಂಡ್‌ಬ್ರೇಕ್ ಹಾಕಿ, ಹಾಫ್ ಕ್ಲಚ್‌ನಲ್ಲಿ ಕಾರು ಮುಂದಕ್ಕೆ ತುಡಿದ ಮೇಲೇ ಅದನ್ನು ಬಿಡಿ. ಗೇರ್ ಬದಲಿಸಲು ತಡಮಾಡಿ ಇಂಜಿನ್ ಅಳಿಸಬೇಡಿ. ಇದಕ್ಕಿಂತ ಹೆಚ್ಚಿನದೇನನ್ನೂ ಆಕೆ ಕಲಿಸುವುದಿಲ್ಲ. ಇಷ್ಟು ಬಂದವರು ಘಾಟಿಯಲ್ಲಿ ಬದುಕಿಕೊಳ್ಳುತ್ತಾರೆ.

ಐವತ್ತೊಂದನೆಯ ವಯಸ್ಸಿನಲ್ಲಿ ಇಂಥವಳು ಡ್ರ್ಯಾಗ್ ರೇಸಿಗೆ ಹೋದದ್ದಕ್ಕೆ ಹಿಂದಿನ ವರ್ಷದ ಒಂದು ಮಾತು ಕಾರಣ.

ಕುಶಾಲನಗರದಾಚೆ ಸೈಟುಗಳಿಗೆಂದು ನೆಲ ಮಟ್ಟಮಾಡಿ, ಒಂದು ಮನೆಯೂ ಏಳದೆ ಬಿದ್ದಿರುವ ಬಡಾವಣೆಯಿದೆ. ಅದರ ನೇರ ರಸ್ತೆಯಲ್ಲಿ ವರ್ಷಕ್ಕೊಮ್ಮೆ, ಅನುಮತಿ ಪಡೆದು, ಎರಡೂ ಕಡೆ ಬೇಲಿ ಕಟ್ಟಿ ಸ್ಪರ್ಧೆ ನಡೆಸುತ್ತಾರೆ. ನಾನೂರ ಎರಡು ಮೀಟರು, ಒಂದು ತಿರುವೂ ಇಲ್ಲ. ನಿಂತಲ್ಲಿಂದ ಹೊರಟು ಯಾರು ಎಷ್ಟು ಬೇಗ ಮುಟ್ಟುತ್ತಾರೆ ಎಂಬುದಷ್ಟೇ. ಕುಶಾಲನಗರದಲ್ಲಿ ಗ್ಯಾರೇಜ್ ಇಟ್ಟಿರುವ ಹಳೆಯ ಶಿಷ್ಯ ಕೀರ್ತಿಕುಮಾರ್ "ಸುಮ್ನೆ ಒಂದ್ಸಲ ಓಡಿಸಿ ಮಿಸ್" ಎಂದು ದುಂಬಾಲು ಬಿದ್ದಿದ್ದರಿಂದ ಆಕೆ ಸ್ಕೂಲಿನ ಕಾರನ್ನೇ ಓಡಿಸಿದಳು. ಹತ್ತೊಂಬತ್ತು ಸೆಕೆಂಡಿನ ಮೇಲೆ ಸ್ವಲ್ಪ. ಹೆಂಗಸರ ವಿಭಾಗದಲ್ಲಿ ಇದ್ದವರೇ ಮೂವರು. ಕಪ್ ಆಕೆಗೆ ಬಂತು. ಮೈಕ್ ಹಿಡಿದವನು "ಅಡುಗೆಮನೆಯಿಂದ ನೇರ ಟ್ರ್ಯಾಕಿಗೆ!" ಎಂದು ಕೂಗಿದ. ಆ ವಾರವಷ್ಟೇ ಆಕೆ ನಾಲ್ಕು ಜನರನ್ನು ಲೈಸೆನ್ಸ್ ಪರೀಕ್ಷೆಯಲ್ಲಿ ಪಾಸು ಮಾಡಿಸಿದ್ದಳು.

ಕಪ್ ಹಿಡಿದುಕೊಂಡೇ ಆಕೆ ಪಟ್ಟಿ ಬರೆಯುವ ಸುನಿಲನ ಮೇಜಿಗೆ ಹೋದಳು. "ಸ್ಟ್ರೀಟ್ ಕ್ಲಾಸಲ್ಲಿ ನನ್ನ ಹೆಸರು ಯಾಕಿಲ್ಲ? ನಂದೂ ದಿನಾ ರೋಡಲ್ಲಿ ಓಡೋ ಕಾರೇ ಅಲ್ವಾ?"

"ಅದಕ್ಕೆ ಟ್ರಯಲ್‌ನಲ್ಲಿ ಹದಿನೆಂಟು ಸೆಕೆಂಡಿನ ಒಳಗೆ ಬರ್ಬೇಕು ಮೇಡಂ. ನಿಮಗೆ ಲೇಡೀಸ್ ಇದೆಯಲ್ಲ."

"ಲೇಡೀಸ್ ಇದೆಯಾ ಅಂತ ನಾನು ಕೇಳಲಿಲ್ಲ."

ಕಪ್ ಈಗ ಸ್ಕೂಲಿನ ಮೇಜಿನ ಮೇಲೆ ಪೆನ್ನು ಹಾಕಿಡುವುದಕ್ಕಿದೆ. ಒಂದು ವರ್ಷ ಅದನ್ನು ನೋಡಿದಾಗಲೆಲ್ಲ ಆಕೆಗೆ ಹದಿನೆಂಟು ಎಂಬ ಸಂಖ್ಯೆ ನೆನಪಾಗುತ್ತಿತ್ತು.

ಈ ವರ್ಷ ಸ್ಪರ್ಧೆಗೆ ಮೂರು ವಾರ ಇದ್ದಾಗ ಕೀರ್ತಿಕುಮಾರ್ ಬಾನೆಟ್ ಎತ್ತಿ ನಿಂತ. "ಇಂಜಿನ್ ಬಿಚ್ಚೋಣ ಮಿಸ್. ಸಿಲಿಂಡರ್ ಹೆಡ್ಡಿಗೆ ಸ್ವಲ್ಪ ಕೆಲಸ ಮಾಡಿದ್ರೆ ಆರಾಮಾಗಿ ಬರ್ತದೆ."

"ಸೋಮವಾರ ಬೆಳಿಗ್ಗೆ ಏಳಕ್ಕೆ ವನಜಮ್ಮನ ಕ್ಲಾಸಿದೆ. ಬಿಚ್ಚೋ ಮಾತು ಬೇಡ."

ಹಾಗಾಗಿ ಇಂಜಿನ್ ಮುಟ್ಟಲಿಲ್ಲ. ಹೊಸ ಏರ್ ಫಿಲ್ಟರ್, ಹೊಸ ಪ್ಲಗ್ಗು. ಹಿಂದಿನ ಚಕ್ರಗಳ ಬ್ರೇಕ್ ಕಾರನ್ನು ಹಿಡಿದು ಎಳೆಯುತ್ತಿದ್ದುದನ್ನು ಸಡಿಲಿಸಿದ್ದು, ಅಷ್ಟೇ. ಉಳಿದದ್ದು ಭಾರ ಇಳಿಸುವ ಕೆಲಸ. ಹಿಂದಿನ ಸೀಟು, ಸ್ಟೆಪ್ನಿ, ಜಾಕಿ, ಮ್ಯಾಟುಗಳು, ತಲೆಯ ಮೇಲಿನ ಸ್ಕೂಲಿನ ಬೋರ್ಡು ಒಂದೊಂದಾಗಿ ಹೊರಗೆ ಬಂದವು. ಗಂಡ ಮಹದೇವಪ್ಪನದು ಹಾರ್ಡ್‌ವೇರ್ ಅಂಗಡಿ. ಮೊಳೆ ತೂಗುವ ತಕ್ಕಡಿಯ ಮೇಲೆ ಎಲ್ಲವನ್ನೂ ಇಟ್ಟು ತೂಗಿದ. ಅರವತ್ತೆಂಟು ಕೆ.ಜಿ.

"ಇನ್ನು ಉಳಿದಿರೋ ಭಾರ ನೀನೇ. ನಿನ್ನನ್ನೂ ಇಳಿಸೋದಾ?"

"ಮೊದಲು ನಿಮ್ಮ ನಾಲಿಗೆ ತೂಗಿ."

ಎಡಗಡೆಯ ಪೆಡಲುಗಳನ್ನು ಮಾತ್ರ ಆಕೆ ಬಿಚ್ಚಗೊಡಲಿಲ್ಲ. ಅವಿಲ್ಲದಿದ್ದರೆ ಅದು ಸ್ಕೂಲಿನ ಕಾರಲ್ಲ, ಯಾರದೋ ಕಾರು. ನಿಯಮದ ಹಾಳೆಯನ್ನು ಎರಡು ಸಲ ಓದಿದಳು. ಹಸಿರು ದೀಪ ಹತ್ತಿದಾಗ ಗಡಿಯಾರ ಶುರುವಾಗುವುದಿಲ್ಲ, ಚಕ್ರ ಗೆರೆ ದಾಟಿದಾಗ ಶುರುವಾಗುತ್ತದೆ ಎಂದು ಅದರಲ್ಲಿತ್ತು. ಹಾಗಾದರೆ ದೀಪ ನೋಡಿ ಗಾಬರಿಬೀಳುವವರು ಯಾತಕ್ಕೆ ಗಾಬರಿಬೀಳುತ್ತಾರೆ ಎಂದು ಆಕೆಗೆ ಅರ್ಥವಾಗಲಿಲ್ಲ.

ಟ್ರಯಲ್‌ಗೆ ಮೂರು ಅವಕಾಶ. ಮೊದಲನೆಯದರಲ್ಲಿ ಕೀರ್ತಿಕುಮಾರ್ ಹೇಳಿಕೊಟ್ಟಂತೆ ಇಂಜಿನ್ ಏರಿಸಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟಳು. ಮುಂದಿನ ಚಕ್ರಗಳು ನಿಂತಲ್ಲೇ ಗಿರ್ರನೆ ಸುತ್ತಿದವು, ರಬ್ಬರು ಸುಟ್ಟ ವಾಸನೆ ಬಂತು, ಕಾರು ಮಾತ್ರ ತಡವಾಗಿ ಹೊರಟಿತು. 18.74.

ಇದನ್ನು ಆಕೆ ಸಾವಿರ ಸಲ ನೋಡಿದ್ದಳು. ಜುಲೈ ತಿಂಗಳಲ್ಲಿ, ಕೆಸರು ಏರಿನಲ್ಲಿ, ಕಲಿಯುವವರೆಲ್ಲ ಮಾಡುವುದು ಇದನ್ನೇ. ಬೇರೆ ಯಾರಾದರೂ ಮಾಡಿದ್ದರೆ ಇಳಿಸಿ ಎರಡು ಮಾತು ಹೇಳುತ್ತಿದ್ದಳು. ಏರು ಹತ್ತಿಸುವಂತೆ ಹೊರಡಿಸುತ್ತೇನೆ ಎಂದುಕೊಂಡು ಎರಡನೆಯ ಸಲ ಹ್ಯಾಂಡ್‌ಬ್ರೇಕ್ ಎಳೆದು, ಹಾಫ್ ಕ್ಲಚ್‌ನಲ್ಲಿ ಕಾರು ತುಡಿಯುವವರೆಗೆ ಹಿಡಿದು ನಿಂತಳು. ಹಸಿರು ಬಿತ್ತು. ಆಕೆ ಕನ್ನಡಿ ನೋಡಿದಳು.

"ಅಜ್ಜೀ, ಹಿಂದೆ ಬಸ್ ಬರ್ತಿಲ್ಲ, ಹೊರಡಿ!" ಎಂದು ಬೇಲಿಯಾಚೆಯಿಂದ ಯಾರೋ ಒಬ್ಬ ಕೂಗಿದ. ಜನ ನಕ್ಕರು.

ಬ್ರೇಕ್ ಬಿಟ್ಟಳು. ಚಕ್ರ ಒಂದಿಷ್ಟೂ ಸುತ್ತದೆ ನೆಲ ಕಚ್ಚಿತು. 18.21. ನಕ್ಕವರು ಸಮಯದ ಬೋರ್ಡಿನತ್ತ ಇನ್ನೊಮ್ಮೆ ನೋಡಿದರು. ಆದರೆ ಗೆರೆ ದಾಟಿ ಬ್ರೇಕ್ ಒತ್ತಿದಾಗ ಎಡಗಡೆ ದಡದಡ ಎಂದು ಏನೋ ಉರುಳಿತು.

ಕೀರ್ತಿಕುಮಾರ್ ಬಾಗಿಲು ತೆಗೆದು ಬಗ್ಗಿದ. ಎಡಗಡೆಯ ಸೀಟಿನ ಕೆಳಗಿನ ಗೋಣಿಚೀಲದಿಂದ ಎರಡು ಕಲ್ಲು ಹೊರಗೆ ಬಂದಿದ್ದವು. "ಇದೆಂಥದ್ದು ಮಿಸ್?"

"ಏರಲ್ಲಿ ನಿಂತಾಗ ಚಕ್ರಕ್ಕೆ ಕೊಡೋಕೆ."

"ಇಲ್ಲಿ ಏರು ಎಲ್ಲಿದೆ?"

ಸರ್ವಮಂಗಳ ಬಗ್ಗಿ ನೋಡಿದಳು. ಮ್ಯಾಟಿನ ಕಾಲು ಕೆ.ಜಿ.ಯನ್ನೂ ಬಿಡದೆ ತೂಗಿಸಿದವಳಿಗೆ, ಇಪ್ಪತ್ತೆರಡು ವರ್ಷ ಅಲ್ಲೇ ಇದ್ದ ಕಲ್ಲುಗಳು ಕಣ್ಣಿಗೇ ಬಿದ್ದಿರಲಿಲ್ಲ. ಬೆಳಿಗ್ಗೆ ಕಾರು ತಪಾಸಣೆ ಮಾಡಿದವನೂ ಏರುರಸ್ತೆಗಳ ಮಡಿಕೇರಿಯವನೇ. ಕಾರಿನಲ್ಲಿ ಕಲ್ಲಿರುವುದು ಅವನಿಗೂ ವಿಶೇಷವಾಗಿ ಕಂಡಿರಲಿಲ್ಲ. ಒಂದು ಕಲ್ಲು ಎಡಗಡೆಯ ಬ್ರೇಕ್ ಪೆಡಲಿನ ಅಂಚಿಗೆ ತಾಗಿ ನಿಂತಿತ್ತು. ಅದರ ಅಡಿಗೆ ಹೊಕ್ಕಿದ್ದರೆ ಬಲಗಡೆಯ ಬ್ರೇಕೂ ಕೆಳಗಿಳಿಯುತ್ತಿರಲಿಲ್ಲ. ಎರಡೂ ಒಂದೇ ಸರಳಿಗೆ ಸೇರಿದವು. ಆಕೆ ಆ ಕಲ್ಲನ್ನು ಎತ್ತಿ ಕೀರ್ತಿಕುಮಾರನ ಕೈಗಿಟ್ಟಳು.

"ಇಬ್ಬರು ಶಿಷ್ಯರಿಗೆ ಇದಕ್ಕಿಂತ ಸಣ್ಣ ತಪ್ಪಿಗೆ ವಾರಗಟ್ಟಲೆ ಕಾರು ಮುಟ್ಟಲು ಬಿಟ್ಟಿರಲಿಲ್ಲ ನಾನು" ಎಂದಳು.

"ನಾನೊಬ್ಬ ಅವರಲ್ಲಿ" ಎಂದ ಕೀರ್ತಿಕುಮಾರ್. ಕಲ್ಲುಗಳನ್ನು ಬೇಲಿಯ ಬುಡದಲ್ಲಿಟ್ಟು ಬಂದ. "ಹೊರಡೋದು ಸರಿಯಾಯ್ತು ಮಿಸ್. ಆದ್ರೆ ಗೇರ್ ಬೇಗ ಹಾಕ್ತೀರಿ. ಇಂಜಿನ್ ಅಳ್ಬೇಕು."

"ಅಳಿಸಬೇಡ ಅಂತ ನಿನಗೆ ಹೇಳಿಕೊಟ್ಟಿದ್ದು ನಾನು."

"ಹೌದು. ಇವತ್ತು ಅಳಿಸಿ."

ಮೂರನೆಯದು ಕೊನೆಯದು. ಹ್ಯಾಂಡ್‌ಬ್ರೇಕ್, ಹಾಫ್ ಕ್ಲಚ್, ಹಸಿರು, ಕನ್ನಡಿ. ಕಾರು ಜಾರದೆ ಹೊರಟಿತು. ಎರಡನೆಯ ಗೇರಿನಲ್ಲಿ ಇಂಜಿನ್ ದನಿ ಏರಿದಾಗ ಕೈ ತಾನಾಗಿ ಗೇರಿನ ಗುಂಡಿಗೆ ಹೋಯಿತು. ಆಕೆ ಅದನ್ನು ಅಲ್ಲೇ ತಡೆದಳು. ದನಿ ಕೀರಲಾಯಿತು. ಎಡಗಡೆಯ ಸೀಟಿನಲ್ಲಿ ತಾನೇ ಕುಳಿತಿದ್ದರೆ ಈಗ ಕ್ಲಚ್ ಒತ್ತಿಬಿಡುತ್ತಿದ್ದೆ ಎಂದು ಆಕೆಗೆ ಗೊತ್ತಿತ್ತು. ಎಡಗಡೆ ಯಾರೂ ಇರಲಿಲ್ಲ. ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿದ ಮೇಲೆ ಮೂರನೆಯ ಗೇರು ಹಾಕಿದಳು.

17.97.

ಸುನಿಲ ಹೆಂಗಸರ ಪಟ್ಟಿಯಲ್ಲಿ ಆಕೆಯ ಹೆಸರು ಹೊಡೆದುಹಾಕಿ, ಸ್ಟ್ರೀಟ್ ಕ್ಲಾಸಿನ ಪಟ್ಟಿಯ ಕೆಳಗೆ ಪೆನ್ಸಿಲಿನಲ್ಲಿ ಬರೆದ.

"ಮೇಲಿನ ಹದಿನೆಂಟು ಜನಕ್ಕೆ ಎಂಥದರಲ್ಲಿ ಬರೆದಿದ್ದೀರಿ?"

"ಪೆನ್ನಲ್ಲಿ ಮೇಡಂ."

"ಹಾಗಾದ್ರೆ ಪೆನ್ ತಗೊಳ್ಳಿ."

ಆತ ಪೆನ್ನು ತೆಗೆದುಕೊಂಡ.

ಮಧ್ಯಾಹ್ನದ ಸ್ಪರ್ಧೆಯಲ್ಲಿ ಹತ್ತೊಂಬತ್ತು ಕಾರುಗಳಲ್ಲಿ ಆಕೆಯದು ಹತ್ತೊಂಬತ್ತನೆಯದು. ಮೊದಲ ಸುತ್ತಿನಲ್ಲೇ ಹೊರಬಿದ್ದಳು. ಪಕ್ಕದವನು ಮುಟ್ಟಿದಾಗ ಆಕೆ ಇನ್ನೂ ಆರೇಳು ಕಾರಿನಷ್ಟು ಹಿಂದಿದ್ದಳು. ಮೈಕಿನವನು "ಸ್ಟ್ರೀಟ್ ಕ್ಲಾಸ್, ಸರ್ವಮಂಗಳ, ಸೋಮವಾರಪೇಟೆ" ಎಂದಷ್ಟೇ ಹೇಳಿದ. ಅಡುಗೆಮನೆಯ ಸುದ್ದಿ ಬರಲಿಲ್ಲ.

ಹೊರಡುವಾಗ ಬೇಲಿಯ ಬುಡದಿಂದ ಕಲ್ಲುಗಳನ್ನು ಎತ್ತಿಕೊಂಡು ಬಂದಳು. ಮನೆಗೆ ಹೋಗುವ ದಾರಿಯಲ್ಲಿ ಏರಿದೆ. ಈ ಸಲ ಡಿಕ್ಕಿಯಲ್ಲಿಟ್ಟು ಹಗ್ಗದಿಂದ ಬಿಗಿದಳು.

ಸೋಮವಾರ ಏಳು ಗಂಟೆಗೆ ವನಜಮ್ಮ ಮೊದಲ ಗೇರಿನಲ್ಲೇ ಏರಿನ ಅರ್ಧ ಹತ್ತಿಸಿದಳು.

"ಗೇರ್ ಬದಲಿಸಿ. ಇಂಜಿನ್ ಅಳಿಸಬೇಡಿ."

"ಮೊನ್ನೆ ನೀವೂ ಅಳಿಸಿದ್ರಂತಲ್ಲ ಮಿಸ್?"

"ಹದಿನೆಂಟು ಸೆಕೆಂಡಿಗಿಂತ ಕಡಿಮೆ" ಎಂದಳು ಸರ್ವಮಂಗಳ. "ಕನ್ನಡಿ ನೋಡಿ."